ಸೋಡಾಬುಡ್ಡಿ: ಒಂದು ವ್ಯಾಕರಣ ವಿಚಾರ

ವ್ಯಾಕರಣ ಮಕ್ಕಳ ತಲೆಗೆ ಹತ್ತುತ್ತಿಲ್ಲವೆಂದು ಕೊರಗುವ ಪಂಡಿತರು ಏಳನೇ ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಒಂದು ಪೀರಿಯಡ್ ಕೂತು ಬರಬೇಕು. ನಾಮಪದ, ಸಮಾಸ, ಅಲಂಕಾರ ಮೂರೂ ಅಲ್ಲಿ ಯಾರ ಒತ್ತಾಯವೂ ಇಲ್ಲದೆ ಪ್ರಯೋಗವಾಗುತ್ತಿರುತ್ತವೆ. ಪ್ರಯೋಗಕ್ಕೊಂದು ಮಗು ಬೇಕು, ಅಷ್ಟೇ.

ರೂಪ, ಗುಣ, ಸ್ವಭಾವದಿಂದ ಬಂದ ಹೆಸರು ಅನ್ವರ್ಥನಾಮ ಎಂದು ಹೇಳಿಕೊಟ್ಟು, ಕುಂಟ, ಕುರುಡ ಎಂದು ಉದಾಹರಣೆ ಬರೆಸಿದವರು ನಾವೇ. ಮಕ್ಕಳು ಪಟ್ಟಿಗೆ ಡುಮ್ಮಿ, ನರಪೇತಲ, ಕುಡುಮಿ ಸೇರಿಸಿದ್ದಾರೆ. ಹೋಂವರ್ಕ್ ಎಂದರೆ ಇದು.

ಸಮಾಸಕ್ಕೆ 'ಸೋಡಾಬುಡ್ಡಿ'ಗಿಂತ ಒಳ್ಳೆಯ ಮಾದರಿಯಿಲ್ಲ. ಸೋಡಾದ ಬುಡ್ಡಿ ಎಂದರೆ ತತ್ಪುರುಷ. ಸೋಡಾಬುಡ್ಡಿಯಂಥ ಕನ್ನಡಕ ಯಾರಿಗುಂಟೋ ಅವನು ಎಂದರೆ ಬಹುವ್ರೀಹಿ. ಬಹುವ್ರೀಹಿಯಲ್ಲಿ ಅನ್ಯಪದದ ಅರ್ಥವೇ ಪ್ರಧಾನ. ಆ ಅನ್ಯಪದ ಮೂರನೇ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿರುತ್ತದೆ. ಗೋಲಿಸೋಡಾ ಬಾಟಲಿಗೆ ಇಂಗ್ಲೆಂಡಿನ ಹೈರಮ್ ಕಾಡ್ 1872ರಲ್ಲಿ ಪೇಟೆಂಟ್ ಪಡೆದ. ಒಳಗಿನ ಗ್ಯಾಸಿನ ಒತ್ತಡ ತಡೆಯಲಿ ಎಂದೇ ಅದರ ಗಾಜು ದಪ್ಪ. ಹುಡುಗ ಎಷ್ಟು ಒತ್ತಡ ತಡೆಯುತ್ತಾನೆಂದು ಯಾರೂ ಪರೀಕ್ಷಿಸಿದಂತಿಲ್ಲ.

ಇನ್ನು ಅಲಂಕಾರ. 'ಟ್ಯೂಬ್‌ಲೈಟ್' ಶುದ್ಧ ರೂಪಕ: ಪಿಳಿಪಿಳಿ ಮಿಣುಕಿ ತಡವಾಗಿ ಹತ್ತಿಕೊಳ್ಳುವ ದೀಪ. ಈಗಿನ ಎಲ್‌ಇಡಿ ಸ್ವಿಚ್ ಒತ್ತಿದೊಡನೆ ಬೆಳಗುತ್ತದೆ. ಉಪಮಾನ ಸುಧಾರಿಸಿತು, ಉಪಮೇಯಕ್ಕೆ ಮಾತ್ರ ರಿಯಾಯಿತಿ ಸಿಗಲಿಲ್ಲ. ತಪ್ಪು ಉತ್ತರ ಹೇಳಿದವಳಿಗೆ "ಬಂದ್ರಪ್ಪಾ ವಿಜ್ಞಾನಿ ಮೇಡಮ್ಮು" ಎಂದರೆ ಅದು ಹೊಗಳಿಕೆಯ ವೇಷದ ನಿಂದೆ, ವ್ಯಾಜಸ್ತುತಿ. ಮೇಷ್ಟ್ರು ಬೋರ್ಡಿನ ಕಡೆ ತಿರುಗಿ ಮುಸಿನಕ್ಕರಂತೂ ಪ್ರಯೋಗಕ್ಕೆ ಶಾಸ್ತ್ರದ ಮುದ್ರೆ ಬಿದ್ದಂತೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಗುವಿಗೆ ಮಾನಸಿಕ ಕಿರುಕುಳ ಕೂಡದು ಎನ್ನುತ್ತದೆ. ಮುಸಿನಗು ಕಿರುಕುಳವೋ ಅಲ್ಲವೋ ಎಂಬಲ್ಲಿ ಸ್ಟಾಫ್‌ರೂಮಿನ ಭಾಷ್ಯಕಾರರಿಗೆ ಒಮ್ಮತವಿಲ್ಲ.

ಕ್ರಿಯಾಪದ ಮಾರನೆಯ ದಿನ ಕಾಣಿಸುತ್ತದೆ. ಉತ್ತರ ಗೊತ್ತಿದ್ದು ಅವಳ ಕೈ ಭುಜದವರೆಗೆ ಏಳುತ್ತದೆ. ಹಿಂದಿನಿಂದ ಯಾರೋ ಕೆಮ್ಮುತ್ತಾರೆ. ಕೈ ಜಡೆಯ ರಿಬ್ಬನ್ನು ಸರಿಮಾಡಿ ಇಳಿಯುತ್ತದೆ. ಸಕರ್ಮಕವಾಗಿ ಶುರುವಾಗಿ ಅಕರ್ಮಕವಾಗಿ ಮುಗಿಯುವ ಈ ಧಾತುವಿಗೆ ಹಳಗನ್ನಡದ ವ್ಯಾಕರಣಕಾರ ಕೇಶಿರಾಜ ಸೂತ್ರ ಬರೆದಿಲ್ಲ.

ಈ ಲೇಖಕನ ಕಣ್ಣಿಗೆ ಆಪರೇಷನ್ ಆಗಿ ಕನ್ನಡಕ ಹೋಗಿ ಹತ್ತು ವರ್ಷವಾಯಿತು. ಹಳೇ ಸಹಪಾಠಿಗಳ ವಾಟ್ಸಾಪ್ ಗುಂಪಿನಲ್ಲಿ ಮೊನ್ನೆಯೂ "ಲೋ ಬುಡ್ಡಿ, ಎಲ್ಲಿದೀಯೋ?" ಎಂದು ಬಂತು. ಗುಣ ಹೋದಮೇಲೂ ಹೆಸರು ಉಳಿದಿರುವುದರಿಂದ ಇದನ್ನು ಇನ್ನು ಅನ್ವರ್ಥನಾಮ ಎನ್ನಲಾಗದು, ಅಂಕಿತನಾಮವೆಂದೇ ತಿಳಿಯತಕ್ಕದ್ದು. ಕರೆದರೆ ಓಗೊಡುತ್ತೇನೆ ಕೂಡ.