ಸೊಂಟಪಟ್ಟಿಯ ಮೇಲೊಂದು ಗೆರೆ

ಎಂಬತ್ತರ ದಶಕದಲ್ಲಿ ಕಾಪು, ಉಡುಪಿ ಕಡೆಯಿಂದ ದುಬೈಗೆ ಹೋದವನು ರಜೆಯಲ್ಲಿ ಬರುವಾಗ ಏನೇನು ತರಬೇಕೆಂಬುದಕ್ಕೆ ಒಂದು ಕಾನೂನಿತ್ತು. ಯಾರೂ ಬರೆದಿಟ್ಟಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಮೊದಲ ರಜೆಗೆ ಟೈಗರ್ ಬಾಮು, ಟ್ಯಾಂಗ್ ಪುಡಿ, ನಿಡೊ ಡಬ್ಬ, ಹೊಳೆಯುವ ಜಪಾನ್ ಸೀರೆ ಸಾಕು. ಎರಡನೆಯದಕ್ಕೆ ಟೂ-ಇನ್-ವನ್. ಮೂರನೆಯದಕ್ಕೂ ವಿಸಿಆರ್ ಕಾಣದಿದ್ದರೆ "ಪಾಪ, ಅವನಿಗೆ ಅಲ್ಲಿ ಎಂಥ ಕೆಲಸವೋ ಏನೋ" ಎಂದು ಊರು ಮರುಕಪಡಲು ಶುರು. ಬೈಗುಳವನ್ನಾದರೂ ಸಹಿಸಬಹುದು, ಊರಿನ ಮರುಕವನ್ನಲ್ಲ. ನನ್ನ ಭಾವ ಮೂರನೆಯ ರಜೆಯ ಹೊತ್ತಿಗೆ ಅದನ್ನು ತಪ್ಪಿಸಿಕೊಳ್ಳಲು ಹೊರಟರು, ಆದಷ್ಟು ಕಡಿಮೆ ಖರ್ಚಿನಲ್ಲಿ.

ದುಬೈಯ ದೇರಾದ ಅಂಗಡಿಯಾತ ಕಾಸರಗೋಡಿನವ. ಮಲಯಾಳದಲ್ಲಿ ಕೇಳಿದರೆ ಒಂದು ಬೆಲೆ, ಕನ್ನಡದಲ್ಲಿ ಕೇಳಿದರೆ ಸ್ವಲ್ಪ ಕಡಿಮೆ, ತುಳುವಿನಲ್ಲಿ ಕೇಳಿದರೆ ಬೆಲೆಯ ಜೊತೆಗೆ ಚಹಾ. ಮೇಲಿನ ಕಪಾಟಿನಲ್ಲಿ ನ್ಯಾಷನಲ್ ಕಂಪನಿಯ ಮಾಡೆಲ್‌ಗಳು ಮಂತ್ರಿಗಳ ಹಾಗೆ ಕೂತಿದ್ದವು. ಭಾವನ ಕಣ್ಣು ಕೆಳಗಿನ ಕಪಾಟಿನಲ್ಲಿತ್ತು. ಅಲ್ಲಿದ್ದದ್ದಕ್ಕೂ ಮೇಲಿದ್ದದ್ದಕ್ಕೂ ವ್ಯತ್ಯಾಸವೇನು ಎಂದು ಕೇಳಿದಾಗ ಅಂಗಡಿಯಾತ ಪಾಠವನ್ನೇ ಮಾಡಿದ. ಒಳಗೊಂದು ಡ್ರಮ್ ಇದೆ, ಸೆಕೆಂಡಿಗೆ 25 ಸುತ್ತು ತಿರುಗುತ್ತದೆ. ಅದರಲ್ಲಿ ಎರಡು ಹೆಡ್ ಇದ್ದರೆ ಸಿನಿಮಾ ಚೆನ್ನಾಗಿಯೇ ಓಡುತ್ತದೆ. ನಾಲ್ಕು ಹೆಡ್ಡಿನದ್ದಾದರೆ ಪಾಜ್ ಒತ್ತಿದಾಗಲೂ ಚಿತ್ರ ಗೆರೆ ಬೀಳದೆ ನಿಲ್ಲುತ್ತದೆ.

"ಓಡುವುದಕ್ಕೆ ದುಡ್ಡು ಕೊಡುವ. ನಿಲ್ಲುವುದಕ್ಕೆ ಯಾಕೆ ಮಾರಾಯಾ ದುಡ್ಡು?" ಎಂದರು ಭಾವ.

ತರ್ಕದಲ್ಲಿ ಲೋಪವಿರಲಿಲ್ಲ. ಎರಡು ತೆಗೆದುಕೊಂಡರೆ ಇನ್ನಷ್ಟು ಇಳಿಸುತ್ತೇನೆ ಎಂದ ಅಂಗಡಿಯಾತ. ಹಾಗೆ ಎರಡು ಹೆಡ್ಡಿನ, ಹೆಸರು ಹೇಳಿದರೆ ಯಾರಿಗೂ ಗೊತ್ತಾಗದ ಕಂಪನಿಯ ಎರಡು ವಿಸಿಆರ್ ಬಂದವು. ಒಂದು ದುಬೈಯ ಫ್ಲ್ಯಾಟಿಗೆ, ಇನ್ನೊಂದು ಕಾಪುವಿನ ಮನೆಗೆ.

ಕಾಪುವಿನದ್ದು ಹೋದ ದಾರಿಯೇ ಒಂದು ಪುರಾಣ. ಮಂಗಳೂರಿಗೆ ದುಬೈಯಿಂದ ನೇರ ವಿಮಾನ ಬಂದದ್ದು 2006ರಲ್ಲಿ. ಎಂಬತ್ತರ ದಶಕದಲ್ಲೆಲ್ಲ ಬೊಂಬಾಯಿಯಲ್ಲಿ ಇಳಿದು, ಕಸ್ಟಮ್ಸ್‌ನಲ್ಲಿ ಡ್ಯೂಟಿ ಕಟ್ಟಿ, ಬಸ್ಸು ಹತ್ತಬೇಕು. ಕೊಂಕಣ ರೈಲು ಇನ್ನೂ ಹುಟ್ಟಿರಲಿಲ್ಲ. ಭಾವ ಪೆಟ್ಟಿಗೆಯನ್ನು ಬಸ್ಸಿನ ಮೇಲೆ ಹಾಕಲು ಬಿಡಲಿಲ್ಲ. ದಾರಿಯುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡು, ಪಕ್ಕದವರು "ಎಂಥದು?" ಎಂದಾಗಲೆಲ್ಲ ದೊಡ್ಡ ದನಿಯಲ್ಲಿ "ಏನೂ ಇಲ್ಲ, ವಿಸಿಆರ್" ಎನ್ನುತ್ತಾ ಬಂದರು. ಮನೆಗೆ ಬಂದ ಮೇಲೆ ಅಗ್ಗದ ಯಂತ್ರದ ಖರ್ಚು ಶುರುವಾಯಿತು. ಅದಕ್ಕೊಂದು ಕಲರ್ ಟಿವಿ, ಸಂಜೆಯ ಮಂಕು ಕರೆಂಟಿಗೊಂದು ಸ್ಟೆಬಿಲೈಸರ್, ಬೀಗದ ಕಪಾಟು, ಕಪಾಟಿನೊಳಗೂ ಕ್ರೋಶಾದ ಹೊದಿಕೆ, ನೋಡಲು ಬಂದವರಿಗೆ ಚಾಪೆ, ಕಾಫಿ, ಅವಲಕ್ಕಿ. ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕಿನವರು ದಿನಕ್ಕೆ ಎರಡಾಣೆ ಕೂಡಿಡುವ ಪಿಗ್ಮಿ ಠೇವಣಿ ಶುರುಮಾಡಿದ್ದು 1928ರಲ್ಲಿ. ಅಲ್ಲಿಂದ ನಾವು ಕಲಿತ ಮಿತವ್ಯಯವನ್ನೆಲ್ಲ ಈ ಪೆಟ್ಟಿಗೆ ಒಂದೇ ಬೇಸಗೆಯಲ್ಲಿ ಮರೆಸಿತು.

ಜೂನ್ ಬಂತು. ಮನೆ ಸಮುದ್ರದಿಂದ ಕೂಗಳತೆಯಲ್ಲಿ. ಯಂತ್ರದ ಮುಖದಲ್ಲಿ ಡ್ಯೂ ಎಂಬ ಸಣ್ಣ ದೀಪವಿತ್ತು. ಒಳಗೆ ತೇವ ಕೂತರೆ ಅದು ಹೊತ್ತಿಕೊಂಡು ಯಂತ್ರ ಬಂದ್. ಒದ್ದೆ ಡ್ರಮ್ಮಿಗೆ ಟೇಪು ಅಂಟಿ ಹರಿಯದಿರಲೆಂದು ಮಾಡಿದ ಏರ್ಪಾಡು. ಜಪಾನಿನವರು ಅದನ್ನು ಅಪರೂಪದ ಸಂಗತಿ ಎಂದುಕೊಂಡಿರಬೇಕು. ನಮ್ಮಲ್ಲಿ ಅದು ಆಟಿ ತಿಂಗಳಿಡೀ ನಂದಾದೀಪದ ಹಾಗೆ ಉರಿಯಿತು. ಅಕ್ಕನ ಅತ್ತೆ ಟೇಬಲ್ ಲ್ಯಾಂಪ್ ಹಚ್ಚಿ ಅದಕ್ಕೆ ಶಾಖ ಕೊಟ್ಟರು. ಕ್ಯಾಸೆಟ್ಟುಗಳ ಅಂಚಿಗೆ ಬಿಳಿ ಬೂಸ್ಟು ಹಿಡಿದಾಗ ಅವನ್ನು ಒಲೆಯ ಮೇಲಿನ ಅಟ್ಟಕ್ಕೆ, ಒಣಮೀನಿನ ಪಕ್ಕಕ್ಕೆ ಏರಿಸಿದರು. ಆಮೇಲೆ ಉಡುಪಿಯ ವಿಡಿಯೋ ಲೈಬ್ರರಿಯವನು ವಾಪಸು ಬಂದ ಪ್ರತಿ ಕ್ಯಾಸೆಟ್ಟನ್ನೂ ಮೂಸಿ ನೋಡಿ ತೆಗೆದುಕೊಳ್ಳತೊಡಗಿದ.

ದುಬೈಯಲ್ಲಿ ಆ ತೊಂದರೆ ಇರಲಿಲ್ಲ, ಏಸಿ ಇತ್ತು. ಎರಡು ಕೋಣೆಯ ಫ್ಲ್ಯಾಟಿನಲ್ಲಿ ಭಾವ ಮತ್ತು ಅಕ್ಕ, ಭಾವನ ತಮ್ಮ ಮತ್ತು ಅವನ ಹೆಂಡತಿ, ಹಾಲಿನ ಸೋಫಾದಲ್ಲಿ ನಾನು. ಶುಕ್ರವಾರ ರಜೆಯಾದ್ದರಿಂದ ಗುರುವಾರ ರಾತ್ರಿ ಯಕ್ಷಗಾನ. ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರ ತನಕದ ಆಟವೆಂದರೆ ಮೂರು ಗಂಟೆಯ ಇ-180 ಕ್ಯಾಸೆಟ್ಟು ಮೂರು. ಎರಡನೆಯದು ಮುಗಿಯುವಾಗ ಎಲ್ಲರೂ ನಿದ್ದೆಯಲ್ಲಿ. ಎಚ್ಚರವಿದ್ದು ಮೂರನೆಯದನ್ನು ತೂರಿಸುವ ಪಾಳಿ ನನ್ನದು. ಬಯಲಾಟದಲ್ಲಾದರೂ ರಕ್ಕಸ ಪ್ರವೇಶಿಸುವಾಗ ನಿದ್ದೆಯವರು ಏಳುತ್ತಾರೆ. ಇಲ್ಲಿ ಕೆಳಗಿನ ಮನೆಯವರು ಎದ್ದು ಬರುತ್ತಿದ್ದರು.

ಇಷ್ಟೆಲ್ಲ ಇದ್ದರೂ ಪಾಜ್ ಬಟನ್ನಿಗೆ ಯಾರೂ ಕೈಹಾಕಿರಲಿಲ್ಲ, ಕಾರ್ಕಳದ ಕ್ಯಾಸೆಟ್ ಬರುವ ತನಕ.

ಭಾವನ ಕೊನೆಯ ತಮ್ಮನಿಗೆ ಕಾರ್ಕಳದ ಹುಡುಗಿಯ ಜೊತೆ ಮದುವೆ. ನಮ್ಮಲ್ಲಿ ಯಾರಿಗೂ ರಜೆ ಸಿಗಲಿಲ್ಲ. ಮದುವೆ ಆಗಿ ತಿಂಗಳ ಮೇಲೆ ಯಾರದೋ ಕೈಚೀಲದಲ್ಲಿ ವಿಡಿಯೋ ಬಂತು. ಧಾರೆ ನೋಡಲು ಮಂಟಪಕ್ಕೆ ಹೋದವರಿಗೆ ಕಂಡದ್ದು ವಿಡಿಯೋದವನ ಬೆನ್ನು ಮಾತ್ರವಂತೆ. ಮದುವೆ ಕಂಡದ್ದು ನಮಗೇ. ಕೈಯಲ್ಲಿ ಹಿಡಿಯುವ ದೊಡ್ಡ ದೀಪದ ಉರಿಗೆ ವರ ಕಣ್ಣು ಮುಚ್ಚಿದ್ದ. ಗುಲಾಬಿ ಹೂವೊಂದು ಅರಳಿ ಅದರೊಳಗಿಂದ ಪುರೋಹಿತರು ಮೂಡಿಬಂದರು. ಯಾರು ಬಂದರು, ಬಾರದವರು ಯಾರು, ಬಂದವರು ಯಾವ ಪಂಕ್ತಿಗೆ ಕೂತರು ಎಂಬ ಲೆಕ್ಕ ಸಾಗುತ್ತಿತ್ತು. ಮದುಮಗಳು ಎದ್ದು ನಿಂತಳು.

"ನಿಲ್ಲಿಸು!" ಎಂದರು ಅಕ್ಕ ಮತ್ತು ಅವಳ ಓರಗಿತ್ತಿ, ಒಂದೇ ಉಸಿರಿಗೆ.

ವಿಷಯ ಸಣ್ಣದಲ್ಲ. ಅತ್ತೆಯ ಪೆಟ್ಟಿಗೆಯಲ್ಲಿ ಹಳೆಯ ಕಾಲದ ಚಿನ್ನದ ಸೊಂಟಪಟ್ಟಿಯೊಂದಿತ್ತು. ಅದು ಯಾವ ಸೊಸೆಗೆ ಎಂಬ ಮಾತು ಎಂದೂ ಎದ್ದಿರಲಿಲ್ಲ, ಎಂದೂ ಕೂತಿರಲೂ ಇಲ್ಲ. ಈಗ ಮದುಮಗಳ ಸೊಂಟದಲ್ಲಿದ್ದದ್ದು ಅದೋ, ತವರಿನವರು ಮಾಡಿಸಿದ್ದೋ? ಫೋನಿನಲ್ಲಿ ಕೇಳುವ ಮಾತಲ್ಲ. ಪತ್ರದಲ್ಲಂತೂ ಸಾಧ್ಯವೇ ಇಲ್ಲ. ಅತ್ತೆಗೆ ಬರುವ ಪತ್ರವನ್ನು ಓದಿ ಹೇಳುವವರು ಪಕ್ಕದ ಮನೆಯ ಮೇಷ್ಟ್ರು.

ನಾನು ಪಾಜ್ ಒತ್ತಿದೆ. ಮದುಮಗಳು ನಿಂತಳು. ಚಿತ್ರಕ್ಕೆ ಅಡ್ಡಲಾಗಿ ಬಿಳಿಯ ಗೆರೆಗಳ ಪಟ್ಟೆಯೊಂದು ಬಿತ್ತು, ಸರಿಯಾಗಿ ಸೊಂಟಕ್ಕೆ. ಹಿಂದಕ್ಕೆ ಹೋಗಿ ಮತ್ತೆ ನಿಲ್ಲಿಸಿದೆ. ಪಟ್ಟೆ ಹಣೆಗೆ ಹೋಯಿತು, ಆದರೆ ಆ ಹೊತ್ತಿಗೆ ಸೊಂಟದ ಮುಂದೆ ಒಬ್ಬ ಹುಡುಗ ಶರಬತ್ತಿನ ತಟ್ಟೆ ಹಿಡಿದಿದ್ದ. ಇನ್ನೊಮ್ಮೆ. ಪುನಃ ಸೊಂಟಕ್ಕೇ. ಇಬ್ಬರೂ ಟಿವಿಗೆ ಮೂಗು ತಾಗಿಸಿ ಕೂತರು. "ಕೊಂಡಿಯಲ್ಲಿ ನವಿಲಿದೆ, ಅತ್ತೆಯದ್ದೇ." "ಅದು ನವಿಲಲ್ಲ ಅಕ್ಕ, ಗೆರೆ." ಎರಡು ಹೆಡ್ಡಿನ ಬೆಲೆ ಎಷ್ಟು ಉಳಿಸಿದೆವೆಂದು ಅಕ್ಕ ಗಂಡನನ್ನು ಕೇಳಿದಳು. ಭಾವನಿಗೆ ತಟ್ಟನೆ ಸಿಗರೇಟಿನ ನೆನಪಾಗಿ ಬಾಲ್ಕನಿಗೆ ಹೋದರು.

ಇಂಥ ಯಂತ್ರಗಳಿಗೆ ಒಂದು ಗುಣವಿದೆ. ಟೇಪು ಒಂದೇ ಕಡೆ ಉಜ್ಜಿ ಸವೆಯಬಾರದೆಂದು, ಐದು ನಿಮಿಷ ಪಾಜ್‌ನಲ್ಲಿ ಬಿಟ್ಟರೆ ತಾವೇ ಕೈಬಿಡುತ್ತವೆ. ಟಕ್ ಎಂದು ಸದ್ದಾಗಿ ಮದುಮಗಳು ಮಾಯವಾದಳು. ಅಡಿಗೆ ಆಗಿಲ್ಲವೆಂಬುದು ಆಗಲೇ ಎಲ್ಲರಿಗೂ ಹೊಳೆದದ್ದು. ಆ ಮನೆಯಲ್ಲಿ ಇಬ್ಬರು ಓರಗಿತ್ತಿಯರು ವರ್ಷಗಟ್ಟಲೆ ಒಟ್ಟಿಗೆ ಬಾಳಿದ್ದರಲ್ಲಿ ಈ ಐದು ನಿಮಿಷದ ಕಾನೂನಿನ ಪಾಲು ದೊಡ್ಡದೆಂದು ನನ್ನ ನಂಬಿಕೆ.

ಕ್ಯಾಸೆಟ್ಟಿನ ಇನ್ನೊಂದು ಪ್ರತಿ ಮಣಿಪಾಲದಲ್ಲಿ ಡಾಕ್ಟರಿಕೆ ಓದಿ ಅಮೆರಿಕಕ್ಕೆ ಹೋದ ದೊಡ್ಡಪ್ಪನ ಮಗನಿಗೂ ಹೋಗಿತ್ತು. ಇಂಡಿಯಾ ಮತ್ತು ದುಬೈಯದ್ದು 625 ಗೆರೆಗಳ ಪಾಲ್ ಪದ್ಧತಿ, ಅಮೆರಿಕದ್ದು 525 ಗೆರೆಗಳ ಎನ್‌ಟಿಎಸ್‌ಸಿ. ಅವನ ದುಬಾರಿ ಯಂತ್ರದಲ್ಲಿ ಇಡೀ ಮದುವೆ ಚಿಂದಿಯಾಗಿ ಉರುಳಿತು. "ಮದುವೆ ತುಂಬ ಚೆನ್ನಾಗಿತ್ತು" ಎಂದು ಕಾಗದ ಬರೆದ. ಆ ಕವಲಿನವರು ಇಂದಿಗೂ ಎಲ್ಲರ ಜೊತೆಗೂ ಚೆನ್ನಾಗಿದ್ದಾರೆ.

ಜಗತ್ತಿನಲ್ಲಿ ಕೊನೆಯದಾಗಿ ವಿಸಿಆರ್ ಮಾಡುತ್ತಿದ್ದ ಜಪಾನಿನ ಫುನಾಯಿ ಕಂಪನಿ 2016ರ ಜುಲೈಯಲ್ಲಿ ಅದನ್ನು ನಿಲ್ಲಿಸಿತು. ಅತ್ತೆ ಅಷ್ಟರಲ್ಲಿ ತೀರಿಹೋಗಿದ್ದರು. ದುಬೈಯವರೆಲ್ಲ ಗಂಟು ಕಟ್ಟಿ ಊರಿಗೆ ಬಂದಾಗಿತ್ತು. ಅಕ್ಕನ ಮಗ ಮಣಿಪಾಲದಲ್ಲಿ ಯಾರನ್ನೋ ಹಿಡಿದು, ಬೂಸ್ಟು ಒರೆಸಿಸಿ, ಮದುವೆಯನ್ನು ಪೆನ್ ಡ್ರೈವಿಗೆ ಇಳಿಸಿ ತಂದ. ಒಂದು ಭಾನುವಾರ ಕಾಪುವಿನ ಮನೆಯಲ್ಲಿ ಲ್ಯಾಪ್‌ಟಾಪ್ ತೆರೆದ. ಮದುಮಗಳು ಎದ್ದು ನಿಂತಳು. ನಿಲ್ಲಿಸೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ.

ಗೆರೆಯಿಲ್ಲ, ಪಟ್ಟೆಯಿಲ್ಲ. ಸೊಂಟಪಟ್ಟಿ ಅಂಗಡಿಯ ಗಾಜಿನೊಳಗೆ ಇಟ್ಟಂತೆ ಕಂಡಿತು. ಕೊಂಡಿಯಲ್ಲಿ ಒಂದು ಹಕ್ಕಿ.

"ನವಿಲು. ನಾನು ಅಂದೇ ಹೇಳಿದೆ" ಎಂದಳು ಅಕ್ಕ.

"ಹಂಸ. ನಾನೂ ಅಂದೇ ಹೇಳಿದೆ" ಎಂದಳು ಓರಗಿತ್ತಿ.

ಸೊಂಟಪಟ್ಟಿಯ ಒಡತಿ ಅಡಿಗೆಮನೆಯಲ್ಲಿ ಹಪ್ಪಳ ಕರಿಯುತ್ತಿದ್ದಳು. ಅವಳನ್ನೇ ಕೇಳಬಹುದಿತ್ತು, ಕರೆದು ತೋರಿಸೆಂದರೆ ತೋರಿಸುತ್ತಲೂ ಇದ್ದಳು. ಯಾರಿಗೂ ಅದು ಬೇಕಿರಲಿಲ್ಲ. ಐದು ನಿಮಿಷ ಕಳೆಯಿತು, ಹತ್ತಾಯಿತು, ಲ್ಯಾಪ್‌ಟಾಪ್ ಕೈಬಿಡುವ ಲಕ್ಷಣವೇ ಇಲ್ಲ. ಎಲೆ ಹಾಕಿ ಸಾರು ತಣ್ಣಗಾಗುತ್ತಾ ಬಂತು. ಕೊನೆಗೆ ಭಾವನೇ ಮೆಲ್ಲಗೆ ಎದ್ದು ಹೋಗಿ ಗೋಡೆಯ ಪ್ಲಗ್ ಎಳೆದರು. ಅದಕ್ಕೆ ಬ್ಯಾಟರಿಯೂ ಇದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.