ಟಿ.ಸಿ. ಸಾಹೇಬರ ದರ್ಬಾರು

ಶಾಲೆ ತೆರೆದಿವೆ. ಬಿಇಒ ಕಚೇರಿಗಳ ಮುಂದೆ ಮಳೆಗಿಂತ ಮೊದಲೇ ಪಾಲಕರು ಜಮಾಯಿಸಿದ್ದಾರೆ. ಎಲ್ಲರೂ ಹುಡುಕುತ್ತಿರುವುದು ಒಬ್ಬರನ್ನೇ: ವರ್ಗಾವಣೆ ಪತ್ರ ಉರುಫ್ ಟಿ.ಸಿ. ಸರ್ಕಾರಿ ಶಾಲೆಯೊಂದರ ಕಬ್ಬಿಣದ ಬೀರುವಿನಲ್ಲಿ, ಬಿಸಿಯೂಟದ ಲೆಕ್ಕದ ಪುಸ್ತಕಕ್ಕೆ ಒರಗಿಕೊಂಡಿದ್ದ ಸಾಹೇಬರು ಮಾತಿಗೆ ಸಿಕ್ಕರು.

ನಾನು: ಯಾದಗಿರಿ, ರಾಯಚೂರು ಕಡೆಯಿಂದ ಗುಳೆ ಬಂದವರ ಮಕ್ಕಳನ್ನು, ನಿಮ್ಮನ್ನು ತರಲಿಲ್ಲವೆಂದು ಬೆಂಗಳೂರಿನಲ್ಲಿ ಗೇಟಿನಿಂದಲೇ ವಾಪಸ್ ಕಳಿಸುತ್ತಾರಂತೆ?

ಟಿ.ಸಿ.: ಅದಿರಲಿ ಸ್ವಾಮಿ, ನನ್ನ ಗೋಳು ಕೇಳಿ. ಹಿಂದೆಲ್ಲ ಹೆಡ್‌ಮಾಸ್ತರು ಇಂಕು ಪೆನ್ನಲ್ಲಿ ನನ್ನನ್ನು ಬರೆಯುತ್ತಿದ್ದರು. ‘ನಡತೆ: ಉತ್ತಮ’ ಅನ್ನುವ ಮೊದಲು ಹುಡುಗನ ಮುಖ ಒಮ್ಮೆ ನೋಡುತ್ತಿದ್ದರು. ಊರಿಗೆ ಊರೇ ಜೂನ್ 1ರಂದು ಹುಟ್ಟಿದ್ದು ಯಾರ ಕೃಪೆ? ನನ್ನದು! ಈಗ ಎಸ್‌ಎಟಿಎಸ್ ನಂಬರಂತೆ. ಕಂಪ್ಯೂಟರಿನಲ್ಲಿ ಆ ಶಾಲೆಯವರು ಬಿಡಬೇಕಂತೆ, ಈ ಶಾಲೆಯವರು ಎಳೆದುಕೊಳ್ಳಬೇಕಂತೆ. ನಾನು ಬರೀ ಪ್ರಿಂಟ್‌ಔಟ್. ಅದಕ್ಕೂ ಜನ ಲ್ಯಾಮಿನೇಷನ್ ಹೊಡೆಸುತ್ತಾರೆ, ಉಸಿರು ಕಟ್ಟುತ್ತದೆ.

ನಾನು: ಮಕ್ಕಳ ವಿಷಯ ಕೇಳಿದ್ದೆ. ಸುಗ್ಗಿ ಮುಗಿಸಿ ಗುಳೆ ಹೊರಟವರು ಮತ್ತೆ ಊರು ಕಾಣುವುದು ಯುಗಾದಿಗೆ. ಅಷ್ಟರಲ್ಲಿ ಶಾಲೆಯ ವರ್ಷವೇ ಮುಗಿಯುತ್ತ ಬಂದಿರುತ್ತದೆ.

ಟಿ.ಸಿ.: ಟೆಂಟ್ ಶಾಲೆ ಇವೆಯಲ್ಲ? ಅಲ್ಲಿ ಬೀರೂ ಇಲ್ಲ, ಬೀಗವೂ ಇಲ್ಲ. ನಾನಂತೂ ಆ ಕಡೆ ತಲೆ ಹಾಕುವವನಲ್ಲ. ಹಾಂ, ಲ್ಯಾಮಿನೇಷನ್ ಅಂದೆನಲ್ಲ...

ನಾನು: ಲ್ಯಾಮಿನೇಷನ್ ಬಿಡಿ. (ಇನ್ನು ನನ್ನ ಸರದಿ. ಈ ಅಂಕಣ ಓದುವವರಿಗೆ ಗೊತ್ತು, ಈ ಪ್ರಶ್ನೆ ಕೇಳದೆ ನನಗೆ ವಾರ ಕಳೆಯುವುದಿಲ್ಲ.) ಹೊರಗಿನಿಂದ ಬಂದವರು ಕನ್ನಡ ಯಾಕೆ ಕಲಿಯುವುದಿಲ್ಲ?

ಟಿ.ಸಿ.: ಕಲಿಯೋಕೆ ಬಂದಿದ್ದರಲ್ಲ! ಬಿಹಾರದ ಗಾರೆ ಕೆಲಸದವನ ಮಗಳು, ಒಡಿಶಾದ ಸೆಕ್ಯೂರಿಟಿಯವನ ಮಗ. ಸರ್ಕಾರಿ ಕನ್ನಡ ಶಾಲೆಯ ಗೇಟಿನಲ್ಲೇ ನಿಂತಿದ್ದರು. ಟಿ.ಸಿ. ಎಲ್ಲಿ ಅಂದರು. ಊರಲ್ಲಿದೆ ಅಂದರು. ತಂದು ಆಮೇಲೆ ಬನ್ನಿ ಅಂದರು. ರೈಲು ಚಾರ್ಜು, ವಾರದ ಕೂಲಿ ಲೆಕ್ಕ ಹಾಕಿ ಅಪ್ಪಂದಿರು ಸುಮ್ಮನಾದರು.

ನಾನು: ಮಕ್ಕಳಿಲ್ಲ, ಕನ್ನಡ ಶಾಲೆ ಮುಚ್ಚುತ್ತಿವೆ ಎಂದು ಇದೇ ಅಂಕಣದಲ್ಲಿ ಗಂಟಲು ಹರಿದುಕೊಂಡಿದ್ದೇನಲ್ಲ ಮಾರಾಯರೇ!

ಟಿ.ಸಿ.: ನಿಯಮ, ಸ್ವಾಮಿ.

ನಾನು: ಯಾವ ನಿಯಮ? ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಟಿ.ಸಿ. ತಡವಾಯಿತೆಂದು ಮಗುವನ್ನು ಹೊರಗಿಡುವಂತಿಲ್ಲ. ಕೊಡಲು ಸತಾಯಿಸುವ ಮುಖ್ಯ ಶಿಕ್ಷಕರ ಮೇಲೇ ಶಿಸ್ತುಕ್ರಮ. ಇದು 5ನೇ ಕಲಂ. ವಯಸ್ಸಿನ ದಾಖಲೆ ಇಲ್ಲದಿದ್ದರೂ ಸೇರಿಸಿಕೊಳ್ಳಬೇಕು, 14ನೇ ಕಲಂ. ಶಾಲೆಗೆ ಸೇರಲು ಆಧಾರ್ ಕಡ್ಡಾಯವಲ್ಲ ಎಂದು 2018ರಲ್ಲಿ ಸುಪ್ರೀಂ ಕೋರ್ಟೇ ಹೇಳಿತು. ಸಂವಿಧಾನದ 21ಎ ವಿಧಿ ಆರರಿಂದ ಹದಿನಾಲ್ಕರ ಎಲ್ಲ ಮಕ್ಕಳಿಗೆ ಅನ್ನುತ್ತದೆ. ಅಪ್ಪ ಎಲ್ಲಿಯವನು, ಮನೆಯಲ್ಲಿ ಯಾವ ಮಾತು, ಯಾವ ದೇವರು ಎಂದು ಕೇಳುವುದಿಲ್ಲ. ನಾವು ಕೇಳುತ್ತೇವೆ. ಅಸ್ಸಾಮಿನಿಂದ ಬಂದ ಚಿಂದಿ ಆಯುವ ಮುಸ್ಲಿಂ ಕುಟುಂಬ ಬಂಗಾಳಿ ಮಾತಾಡಿದರೆ ಸಾಕು, ‘ಬಾಂಗ್ಲಾ’ ಎಂದು ಮುದ್ರೆ ಒತ್ತುತ್ತೇವೆ. ಆ ಗುಡಿಸಲಿನ ಹುಡುಗಿ ನಮ್ಮ ಮನೆಗಳ ಹಸಿಕಸ, ಒಣಕಸ, ಒಡೆದ ಗಾಜು ಬೇರೆ ಮಾಡುತ್ತಾ ಕೂತಿರುತ್ತಾಳೆ, ಶಾಲೆಯ ಹೊತ್ತಿನಲ್ಲಿ. ಆ ಕೆಲಸಕ್ಕೆ ಅವಳನ್ನು ಯಾರೂ ಟಿ.ಸಿ. ಕೇಳಿಲ್ಲ.

ಟಿ.ಸಿ.: (ಕೆಮ್ಮಿ) ಕಾಯ್ದೆಯ ಪ್ರತಿ ಇಲ್ಲೇ ಇದೆ ಸ್ವಾಮಿ. ಬೀರು ಅಲುಗಾಡುತ್ತಿತ್ತು, ಕಾಲಿನ ಕೆಳಗೆ ಮಡಿಚಿ ಇಟ್ಟಿದ್ದಾರೆ.

ನಾನು: ಹಾಗಾದರೆ ಆ ಮಕ್ಕಳು ಕನ್ನಡ ಕಲಿಯುವುದು ಎಲ್ಲಿ?

ಟಿ.ಸಿ.: ಅಯ್ಯೋ, ಕಲಿತೇ ಕಲಿಯುತ್ತಾರೆ ಬಿಡಿ. ಮೇಸ್ತ್ರಿ ಬೈಯುವುದು ಕನ್ನಡದಲ್ಲೇ ತಾನೆ?