ಒಂದು ಲೋಟ ಟೀಗೆ ಇಪ್ಪತ್ತೆರಡು ಮೆಟ್ಟಿಲು

ನಮಗೂ ಪಕ್ಕದ ಮನೆಯವರಿಗೂ ನಡುವೆ ಇರುವ ಕಾಂಪೌಂಡು ಎದೆಮಟ್ಟದ್ದು. ಕಟ್ಟಿಸುವಾಗ ಇನ್ನೆರಡು ವರಸೆ ಇಟ್ಟಿಗೆ ಏರಿಸಬೇಕೆಂದಿದ್ದೆ, ದುಡ್ಡು ಮುಗಿದುಹೋಯಿತು. ಏರಿಸಿದ್ದರೆ ರಿಟೈರಾದ ಮೇಲೆ ಪೇಪರು ಓದಿಕೊಂಡು, ಪದಬಂಧ ತುಂಬಿಕೊಂಡು ಹಾಯಾಗಿರುತ್ತಿದ್ದೆ. ಈ ವಯಸ್ಸಿನಲ್ಲಿ ಟೀ ಮಾಡಲು ಕಲಿಯುವ ಗ್ರಹಚಾರ ಬರುತ್ತಿರಲಿಲ್ಲ.

ಪಕ್ಕದ ಮನೆಯ ಮೇಡಂ ವಿಶೇಷ ಮಕ್ಕಳ ಶಾಲೆಯಲ್ಲಿ ಟೀಚರು. ನಮ್ಮ ಮೈಸೂರಿಗೂ ಆ ಕೆಲಸಕ್ಕೂ ಹಳೇ ನಂಟು. ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆ 1965ರಲ್ಲಿ ಶುರುವಾದದ್ದು. ಮಗುವಿನ ಮಾತಿಗಾಗಿ ಊರು ಬಿಟ್ಟು ಬಂದು ಇಲ್ಲೇ ಬಾಡಿಗೆ ಮನೆ ಹಿಡಿಯುವ ತಾಯಂದಿರಿದ್ದಾರೆ. ಇದೆಲ್ಲ ನನಗೆ ಕೇಳಿ ಗೊತ್ತಿದ್ದ ವಿಷಯ, ಅಷ್ಟೆ. ನಾನು ಕ್ಯಾಷ್ ಕೌಂಟರಿನಲ್ಲಿ ನೋಟು ಎಣಿಸಿ ಎಣಿಸಿ ಹೆಬ್ಬೆರಳ ಗೆರೆ ಸವೆಸಿಕೊಂಡವನು.

ಒಂದು ಬೆಳಿಗ್ಗೆ ಮೇಡಂ ಬಟ್ಟೆ ಒಣಹಾಕುತ್ತಾ, “ಸಾರ್, ಟೀ ಮಾಡೋವಾಗ ಮೊದಲು ಏನು ಮಾಡ್ತೀರ?” ಎಂದರು.

“ಮೊದಲು ಹೆಂಡತೀನ ಕರೀತೀನಿ,” ಎಂದೆ.

ನಗುತ್ತಾರೆ ಅಂದುಕೊಂಡಿದ್ದೆ. ನಗಲಿಲ್ಲ. “ಹಾಗಾದ್ರೆ ನಮ್ಮ ಚೆಕ್‌ಲಿಸ್ಟ್ ಪ್ರಕಾರ ನೀವು ‘ಪೂರ್ತಿ ಅವಲಂಬಿತ’ರು,” ಎಂದು ಕ್ಲಿಪ್ಪು ಸಿಕ್ಕಿಸಿದರು. ಒಳಗಿನಿಂದ ನನ್ನವಳು ನಕ್ಕದ್ದು ಮಾತ್ರ ಎರಡು ಮನೆಗೂ ಕೇಳಿಸಿತು.

ವಿಷಯ ಏನೆಂದರೆ, ಶಾಲೆಯಲ್ಲಿ ಹಳೇ ಬೆಂಚು ತುಂಬಿದ್ದ ಒಂದು ರೂಮು ಖಾಲಿಯಾಗಿತ್ತು. ಅದನ್ನು ದೊಡ್ಡ ಮಕ್ಕಳಿಗೆ ಜೀವನ ಕೌಶಲದ ಕೊಠಡಿ ಮಾಡಬೇಕು. ಫೈಲಿನಲ್ಲಿ ಹಾಗೆ, ಶಾಲೆಯ ಬಾಯಲ್ಲಿ ‘ಎಡಿಎಲ್ ರೂಮು’. ಹಲ್ಲುಜ್ಜುವುದು, ಬಟ್ಟೆ ಮಡಿಚುವುದು, ತಟ್ಟೆ ತೊಳೆಯುವುದು, ಅಂಗಡಿಗೆ ಹೋಗಿ ಬರುವುದು. ನಾವು ಯಾವಾಗ ಕಲಿತೆವೋ ನಮಗೇ ನೆನಪಿಲ್ಲದ ವಿದ್ಯೆಗಳು.

“ಏನಿಷ್ಟು ಅವಸರ?” ಎಂದೆ. ಮೇಡಂ ಕಾನೂನು ಹೇಳಿದರು. 1995ರ ಕಾಯ್ದೆಯಲ್ಲಿ ಅಂಗವೈಕಲ್ಯ ಅಂದರೆ 7 ಬಗೆ. 2016ರ ಹೊಸ ಕಾಯ್ದೆಯಲ್ಲಿ ಅದು 21 ಆಯಿತು. ಶೇಕಡ 40 ಅಥವಾ ಅದಕ್ಕೂ ಹೆಚ್ಚು ಅಂಗವೈಕಲ್ಯವಿರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ ಹಕ್ಕು ಅಂತ ಅದರಲ್ಲಿದೆ.

“ಹದಿನೆಂಟು ತುಂಬಿದ ಮಾರನೇ ದಿನ?”

“ಮಾರನೇ ದಿನದಿಂದ ಅಮ್ಮ. ಅಮ್ಮನಿಗೆ ಮಂಡಿ ನೋವು ಶುರುವಾದ ಮೇಲೆ ಏನು ಅನ್ನೋದಕ್ಕೇ ಈ ರೂಮು.”

ಹಾಗೆ, ನೋಟು ಎಣಿಸಿ ಗೊತ್ತಿದ್ದ ನಾನು ಆ ರೂಮಿಗೆ ‘ದುಡ್ಡಿನ ಮೇಷ್ಟ್ರು’ ಆದೆ. ಸಂಬಳವಿಲ್ಲ, ಮಧ್ಯಾಹ್ನದ ಟೀ ಇದೆ. ಆ ಟೀಯನ್ನು ಮಕ್ಕಳೇ ಮಾಡುತ್ತಾರೆ ಎಂಬುದನ್ನು ಮೊದಲೇ ಹೇಳಿರಲಿಲ್ಲ.

ನಾನು ಹೋದ ದಿನ ರೂಮು ನೋಡಲು ಬಹಳ ಚೆನ್ನಾಗಿತ್ತು. ಯಾರೋ ದಾನಿಗಳು ಆಟದ ಸಾಮಾನಿನ ಅಡುಗೆಮನೆ ಕೊಟ್ಟಿದ್ದರು: ಪ್ಲಾಸ್ಟಿಕ್ ಒಲೆ, ಪ್ಲಾಸ್ಟಿಕ್ ಟೊಮೆಟೊ, ಪ್ಲಾಸ್ಟಿಕ್ ಚಾಕುವಿನಿಂದ ಮುಟ್ಟಿದರೆ ಎರಡು ಹೋಳಾಗುವ ಕ್ಯಾರೆಟ್ಟು. ಗೋಡೆಗೆ ಇಂಟರ್ನೆಟ್ಟಿನಿಂದ ಇಳಿಸಿದ ಬಣ್ಣದ ಚಾರ್ಟುಗಳು. ಒಂದರಲ್ಲಿ ಕೆಂಪು ಕೆನ್ನೆಯ ಹುಡುಗ ಹಿಮದಲ್ಲಿ ಹೊರಡಲು ಕೈಗವಸು ಹಾಕಿಕೊಳ್ಳುತ್ತಿದ್ದ. ಇನ್ನೊಂದರಲ್ಲಿ ಎಡಗಡೆ ಫೋರ್ಕು, ಬಲಗಡೆ ನೈಫು. ನಂಜನಗೂಡಿನ ಕಡೆಯಿಂದ ವ್ಯಾನಿನಲ್ಲಿ ಬರುವ ಹುಡುಗ ಮುದ್ದೆಯನ್ನು ಫೋರ್ಕಿನಲ್ಲಿ ಚುಚ್ಚಬೇಕೇನು? ಸ್ವಲ್ಪ ಹೊತ್ತಿಗೆ ಹುಡುಗಿಯೊಬ್ಬಳು ಟೊಮೆಟೊ ಕಚ್ಚಿ ನೋಡಿ, ನನ್ನ ಕಡೆ ತಿರುಗಿ, “ಥೂ, ಸುಳ್ಳು” ಎಂದಳು. ಅವಳು ಇಡೀ ದಿನದಲ್ಲಿ ಆಡುವುದು ನಾಲ್ಕೈದು ಮಾತು. ಅದರಲ್ಲಿ ಎರಡನ್ನು ಆ ಟೊಮೆಟೊಗೆ ಖರ್ಚು ಮಾಡಿದಳು.

ಮೇಡಂಗೂ ಆ ರೂಮಿನ ಮೇಲೆ ಸಿಟ್ಟಿತ್ತು, ದಾನಿಗಳ ಮುಖ ನೋಡಿ ಸುಮ್ಮನಿದ್ದರು. ಈ ಮಕ್ಕಳಿಗೆ ಒಂದು ಕಡೆ ಕಲಿತದ್ದನ್ನು ಇನ್ನೊಂದು ಕಡೆಗೆ ಹೊತ್ತೊಯ್ಯುವುದೇ ಕಷ್ಟವಂತೆ. ಚೌಕಟ್ಟಿಗೆ ಹೊಡೆದ ಬಟ್ಟೆಯಲ್ಲಿ ಗುಂಡಿ ಹಾಕುವ ಸಾಧನ ಇದೆಯಲ್ಲ, ಮಾಂಟೆಸ್ಸೊರಿಯದು (ಆಕೆಯೂ ರೋಮಿನಲ್ಲಿ ಮೊದಲು ಕೆಲಸ ಮಾಡಿದ್ದು ಇಂಥ ಮಕ್ಕಳ ಜೊತೆಗೇ), ಅದರಲ್ಲಿ ಪಟಪಟನೆ ಗುಂಡಿ ಹಾಕುವ ಹುಡುಗ ತನ್ನ ಅಂಗಿಯ ಮುಂದೆ ಕಕ್ಕಾಬಿಕ್ಕಿ. ಮೇಜಿನ ಮೇಲೆ ಗುಂಡಿ ಎದುರಿಗಿರುತ್ತದೆ. ಮೈಮೇಲೆ ಅದು ಗಲ್ಲದ ಕೆಳಗೆ, ತಲೆಕೆಳಗು. ಹಾಗಾಗಿ ಅಂಗಿಯನ್ನು ತೊಟ್ಟುಕೊಂಡೇ ಕಲಿಯಬೇಕು. ಅದೂ ಕೊನೆಯಿಂದ ಮೊದಲಿಗೆ! ಗುಂಡಿಯನ್ನು ಮುಕ್ಕಾಲು ಪಾಲು ಟೀಚರೇ ತೂರಿಸಿ, ಕೊನೆಯ ಎಳೆತ ಒಂದನ್ನು ಹುಡುಗನಿಗೆ ಬಿಡುತ್ತಾರೆ. ನಾಳೆ ಅದಕ್ಕೆ ಹಿಂದಿನದು, ನಾಡಿದ್ದು ಅದಕ್ಕೂ ಹಿಂದಿನದು. ಯಾವ ದಿನ ನೋಡಿದರೂ ಕೆಲಸ ಮುಗಿಸಿದವನು ಅವನೇ. ನಮ್ಮ ಮೇಷ್ಟ್ರು ಮಗ್ಗಿಯನ್ನು ಹೀಗೆ ಕಲಿಸಿದ್ದರೆ ನನ್ನ ಅಂಗೈ ಇನ್ನೂ ಬೆಳ್ಳಗಿರುತ್ತಿತ್ತು.

ಅಂತೂ ದಾನಿಗಳು ಫೋಟೊ ತೆಗೆಸಿಕೊಂಡು ಹೋದ ಮೇಲೆ ಪ್ಲಾಸ್ಟಿಕ್ಕು ಅಟ್ಟ ಸೇರಿತು. ಮಕ್ಕಳ ಮನೆಗಳಿಂದ ಒಂದೊಂದು ಹಳೇ ಸಾಮಾನು ಬಂತು: ನೆಗ್ಗಿದ ಪಾತ್ರೆ, ಹಿಡಿ ಸುಟ್ಟ ಇಕ್ಕಳ, ನಮ್ಮನೆಯ ಪ್ರೆಷರ್ ಕುಕ್ಕರು. ಗ್ಯಾಸ್ ಬೇಡ, ಇಂಡಕ್ಷನ್ ಸಾಕು ಎಂದರು ಮೇಡಂ. ಫಿಟ್ಸ್ ಬರುವ ಮಕ್ಕಳಿದ್ದಾರೆ. ಹಿಮದ ಹುಡುಗನ ಜಾಗಕ್ಕೆ ಮೊಬೈಲಿನಲ್ಲಿ ತೆಗೆದ ಫೋಟೊ ಬಂತು: ನಮ್ಮ ಬಕೆಟ್ಟು, ನಮ್ಮ ಚೊಂಬು, ನಮ್ಮ ಇಂಡಿಯನ್ ಪಾಯಿಖಾನೆ. ಚಪ್ಪಲಿಯ ಎಡ ಬಲ ಗೊತ್ತಾಗದವರಿಗೆ ಆನೆಯ ಸ್ಟಿಕ್ಕರೊಂದನ್ನು ಅರ್ಧಕ್ಕೆ ಕತ್ತರಿಸಿ ಒಂದೊಂದು ಚಪ್ಪಲಿಗೆ ಒಂದೊಂದು ಪಾಲು ಅಂಟಿಸಿದರು. ಆನೆ ಕೂಡಿಕೊಂಡರೆ ಸರಿ, ಬಾಲಕ್ಕೆ ಸೊಂಡಿಲು ತಾಗಿದರೆ ತಪ್ಪು. ಅದರಲ್ಲೊಂದು ಜೊತೆಯನ್ನು ನಾನೂ ಕೇಳೋಣ ಅಂದುಕೊಂಡೆ; ಕತ್ತಲಲ್ಲಿ ಬಾತ್‌ರೂಮ್ ಚಪ್ಪಲಿ ಅದಲುಬದಲು ಮಾಡುವವನು ನಾನು.

ಬಾಗಿಲಿಗೆ ಮಾತ್ರ ಜಗಳವೇ ಆಯಿತು. ಬಾತ್‌ರೂಮಿಗೆ ಚಿಲಕ ಬೇಡ, ಮಕ್ಕಳು ಒಳಗೆ ಸಿಕ್ಕಿಕೊಂಡರೆ ಎಂದು ಮ್ಯಾನೇಜ್‌ಮೆಂಟಿನವರು. ಬಾಗಿಲು ಹಾಕಿಕೊಂಡು ಬಟ್ಟೆ ಬದಲಾಯಿಸಬೇಕು ಅನ್ನುವುದನ್ನು ಚಿಲಕವಿಲ್ಲದೆ ಹೇಗೆ ಕಲಿಸಲಿ ಎಂದು ಮೇಡಂ. ಹೆಣ್ಣುಮಕ್ಕಳಿಗೆ ತಿಂಗಳಿನ ದಿನಗಳ ಪಾಠವೂ ಅಲ್ಲೇ ಆಗಬೇಕು. ಕೊನೆಗೆ ಒಳಗೆ ಹಾಕಿದರೂ ಹೊರಗಿನಿಂದ ತೆಗೆಯಬಹುದಾದ ಚಿಲಕ ಬಂತು. ಇಡೀ ರೂಮಿನಲ್ಲಿ ಅತಿ ದುಬಾರಿ ಸಾಮಾನು ಅದೇ. ನನ್ನ ಕೇಳಿದರೆ, ಅತಿ ಮುಖ್ಯವಾದದ್ದೂ ಅದೇ.

ಆಮೇಲೆ ಆ ಪುಸ್ತಕ. ಮದ್ರಾಸಿನಲ್ಲಿ ತಯಾರಾದ ಒಂದು ಪಟ್ಟಿ ಇದೆ, ಎಂಡಿಪಿಎಸ್ ಅನ್ನುತ್ತಾರೆ. ಬದುಕನ್ನು 18 ವಿಭಾಗ ಮಾಡಿ ಒಂದೊಂದಕ್ಕೆ 20 ಪ್ರಶ್ನೆ, ಒಟ್ಟು 360. ಸುಲಭದ್ದರಿಂದ ಕಷ್ಟದ್ದಕ್ಕೆ ಏರುತ್ತಾ ಹೋಗುತ್ತದೆ: ಊಟ, ಬಟ್ಟೆ, ಮಾತು, ಸಮಯ, ದುಡ್ಡು, ಮನೆಗೆಲಸ. ‘ಮಾಡಬಲ್ಲ’, ‘ಮಾಡಲಾರ’ ಎಂದು ಗುರುತು ಹಾಕಬೇಕು. ನಾನು ಕುತೂಹಲಕ್ಕೆ ಒಂದು ಪ್ರತಿ ಮನೆಗೆ ತಂದೆ. ನನ್ನವಳು ಮನೆಗೆಲಸದ ಪುಟ ತೆಗೆದು, ಕನ್ನಡಕ ಏರಿಸಿ, ಪೆನ್ಸಿಲ್ ಹಿಡಿದು ಕೂತಳು. ಫಲಿತಾಂಶವನ್ನು ಇಲ್ಲಿ ಬರೆಯುವುದಿಲ್ಲ. ದುಡ್ಡಿನ ಪುಟದಲ್ಲಿ ಫಸ್ಟ್ ಕ್ಲಾಸ್ ಬಂದೆ ಎಂದಷ್ಟೇ ತಿಳಿಸಬಯಸುತ್ತೇನೆ.

ಟೀಗೆ ಬರೋಣ. ಟಾಸ್ಕ್ ಅನಾಲಿಸಿಸ್ ಅಂತಾರೆ, ಒಂದು ಕೆಲಸವನ್ನು ಎಳೆ ಎಳೆಯಾಗಿ ಬಿಡಿಸಿ ಬರೆಯುವುದು. ಟೀ ಮಾಡುವುದು ಐದು ಹೆಜ್ಜೆ ಎಂದು ನಾನು ಬರೆದುಕೊಟ್ಟೆ. ಮೇಡಂ ಅದನ್ನು 22 ಮಾಡಿದರು. ‘ಹಾಲು ಹಾಕು’ ಎಂದು ನನ್ನದೊಂದು ಹೆಜ್ಜೆ. ಹಾಲು ಎಲ್ಲಿದೆ? ಪ್ಯಾಕೆಟ್ ಕತ್ತರಿಸಬೇಕಲ್ಲ? ಎಷ್ಟು ದೊಡ್ಡ ತೂತು? ಯಾವ ಮೂಲೆ? ಸುರಿಯುವಾಗ ಇನ್ನೊಂದು ಕೈ ಎಲ್ಲಿರಬೇಕು? ಎಲ್ಲಿಯವರೆಗೆ ಸುರಿಯಬೇಕು? ಅದಕ್ಕೆ ಪಾತ್ರೆಯೊಳಗೆ ಉಗುರಿನ ಅಗಲದ ಒಂದು ಗೆರೆಯನ್ನೇ ಕೆತ್ತಿಸಿದ್ದರು. ಪುಡಿಯ ಡಬ್ಬಕ್ಕೂ ಸಕ್ಕರೆ ಡಬ್ಬಕ್ಕೂ ಬೇರೆ ಬೇರೆ ಗಾತ್ರದ ಚಮಚವನ್ನು ದಾರದಲ್ಲಿ ಕಟ್ಟಿ ಬಿಟ್ಟಿದ್ದರು.

ಟೀ ಮಾಡುವ ಸರದಿ ಆ ದಿನ ಹದಿನಾರರ ಒಬ್ಬ ಹುಡುಗನದು, ಬಲಗೈ ಸ್ವಲ್ಪ ಬಿಗಿ. ಇಕ್ಕಳ ಹಿಡಿದ. ಪಾತ್ರೆ ಎತ್ತಿದ. ಪಾತ್ರೆ ಒಂದು ಕಡೆ ವಾಲಿತು. ನಾನು ಕುರ್ಚಿಯಿಂದ ಅರ್ಧ ಎದ್ದೆ. ಮೇಡಂ ನನ್ನ ತೋಳು ಹಿಡಿದು ಕೂರಿಸಿದರು, ಕಣ್ಣು ಮಾತ್ರ ಅವನ ಕೈಮೇಲೆ. ಅವರ ಇನ್ನೊಂದು ಕೈ ಆಗಲೇ ಪಾತ್ರೆಯಿಂದ ಒಂದು ಗೇಣು ಕೆಳಗೆ ಗಾಳಿಯಲ್ಲಿತ್ತು, ಮುಟ್ಟದೆ. ಅವನು ಪಾತ್ರೆಯನ್ನು ಮತ್ತೆ ಇಳಿಸಿ, ಇಕ್ಕಳ ಬಿಟ್ಟು, ಚಾರ್ಟಿನ ಫೋಟೊ ನೋಡಿ, ಈ ಸಲ ಎರಡೂ ಕೈಯಲ್ಲಿ ಹಿಡಿದ. ಸೋಸಿದ. ಅರ್ಧ ಲೋಟಕ್ಕೆ, ಅರ್ಧ ಟೇಬಲ್ಲಿಗೆ. ಲೋಟ ತಂದು ನನ್ನ ಮುಂದಿಟ್ಟ. ತಣ್ಣಗಾಗಿತ್ತು, ಸಕ್ಕರೆ ಎರಡು ಸಲ ಬಿದ್ದಿತ್ತು. ಡಾಕ್ಟರು ನನಗೆ ಸಕ್ಕರೆ ಬಿಡಿಸಿದ್ದಾರೆ. ಕುಡಿದೆ.

ಕುಕ್ಕರಿನದು ಇನ್ನೊಂದು ಕಥೆ. ಮೊದಲ ವಿಷಲ್ ಬಿದ್ದ ಕೂಡಲೇ ಒಬ್ಬ ಕಿವಿ ಮುಚ್ಚಿಕೊಂಡು ಮೇಜಿನ ಕೆಳಗೆ. ಇನ್ನೊಬ್ಬ ಎದ್ದು ನಿಂತು, ಬೆರಳು ಮಡಿಚಿ, “ಒಂದು” ಎಂದ. ಮೇಡಂ ಮೊದಲನೆಯವನಿಗೆ ವರಾಂಡದಲ್ಲಿ ಟವೆಲ್ ಮಡಿಚುವ ಕೆಲಸ ಕೊಟ್ಟರು, ಎರಡನೆಯವನನ್ನು ಕುಕ್ಕರಿನ ಉಸ್ತುವಾರಿಗೆ ಹಾಕಿದರು. ಮೂರು ಅಂದರೆ ಮೂರು, ಸ್ವಿಚ್ ಆರಿಸಿಯೇ ಸೈ. ಈಗ ಮನೆಯಲ್ಲಿ ಅವನ ತಾಯಿ ಸೀರಿಯಲ್ ನೋಡುತ್ತಾ ವಿಷಲ್ಲಿನ ಲೆಕ್ಕ ಮಗನಿಗೆ ಬಿಟ್ಟುಬಿಟ್ಟಿದ್ದಾರಂತೆ.

ನನ್ನ ಪಾಠದ ಗತಿ ಹೇಳುತ್ತೇನೆ. ಆಟದ ನೋಟು ಬೇಡ, ನಿಜವಾದ ನೋಟೇ ಬೇಕು ಎಂದು ಪಟ್ಟು ಹಿಡಿದು ತಂದೆ. ತಂದು ಟೇಬಲ್ಲಿನ ಮೇಲೆ ಹರಡಿದಾಗ ನನಗೇ ನಾಚಿಕೆಯಾಯಿತು. ಹತ್ತಕ್ಕೆ ಹಳೇ ನೋಟು, ಹೊಸ ಕಂದು ನೋಟು, ಜೊತೆಗೊಂದು ನಾಣ್ಯ. ಆ ನಾಣ್ಯವನ್ನು ಅಂಗಡಿಯವರು ‘ನಡೆಯಲ್ಲ’ ಅನ್ನುತ್ತಾರೆ. ಇಪ್ಪತ್ತಕ್ಕೂ ಹನ್ನೆರಡು ಮೂಲೆಯ ನಾಣ್ಯ ಬಂದಿದೆ. ಒಂದರ ನಾಣ್ಯಕ್ಕೂ ಎರಡರ ನಾಣ್ಯಕ್ಕೂ ವ್ಯತ್ಯಾಸ ಹೇಳಲು ನಾನೇ ಬೆಳಕಿಗೆ ಹಿಡಿಯಬೇಕು. ಐವತ್ತರ ಹೊಸ ನೋಟು ಮಾತ್ರ ಸಲೀಸು: ನೀಲಿ ಬಣ್ಣ, ಹಿಂದೆ ಹಂಪಿಯ ಕಲ್ಲಿನ ರಥ. ‘ತೇರಿನ ನೋಟು’ ಎಂದು ಒಂದೇ ದಿನಕ್ಕೆ ಹೆಸರಾಯಿತು.

ಚಿಲ್ಲರೆ ಲೆಕ್ಕದಲ್ಲಿ ಮೇಡಂಗೂ ನನಗೂ ಹತ್ತಿತು. ಅವರ ಪದ್ಧತಿ ಇದು: ಅಂಗಡಿಯವನು ಮೂವತ್ತನಾಲ್ಕು ಎಂದರೆ ಮೂರು ಹತ್ತರ ನೋಟು ಎಣಿಸು, ಮೇಲೊಂದು ಇಡು, ಕೈ ಚಾಚಿ ಕಾಯಿ. “ಆರು ರೂಪಾಯಿ ವಾಪಸ್ ಬಂತೋ ಇಲ್ಲವೋ ನೋಡೋದು ಬೇಡವೆ?” ಎಂದೆ. ಪೈಸೆ ವ್ಯತ್ಯಾಸ ಬಂದರೆ ರಾತ್ರಿ ಎಂಟರವರೆಗೆ ಬ್ರಾಂಚಿನಲ್ಲಿ ಕೂತು ಹುಡುಕಿದವನು ನಾನು. “ಅದು ಬರುವ ವರ್ಷದ ಪಾಠ ಸಾರ್. ಈ ವರ್ಷ ಸಾಮಾನು ಮನೆಗೆ ಬರಲಿ,” ಎಂದರು. ಅಷ್ಟರಲ್ಲಿ ಒಬ್ಬ ಹುಡುಗಿ ನನ್ನ ನೋಟುಗಳನ್ನೆಲ್ಲ ಪಕ್ಕಕ್ಕೆ ತಳ್ಳಿ, ಅಂಗೈಯನ್ನು ಮೊಬೈಲಿನಂತೆ ಹಿಡಿದು ಟೇಬಲ್ಲಿನ ಮೇಲೆ ತೋರಿಸಿ “ಟಿಣ್” ಎಂದಳು. ಅವಳ ಮನೆಯಲ್ಲಿ ನೋಟು ನೋಡಿದವರೇ ಇಲ್ಲವೇನೋ. ಬಸ್ಸಿನ ಟಿಕೆಟ್ ಪಾಠವೂ ಹೀಗೇ ಅರ್ಧ ಕೈಬಿಟ್ಟಿತು. 2023ರ ಜೂನ್ 11ರಿಂದ ಶಕ್ತಿ ಯೋಜನೆ. ಹುಡುಗಿಯರು ದುಡ್ಡು ಎಣಿಸುವುದಲ್ಲ, ಕಾರ್ಡು ತೋರಿಸಿ ಸೊನ್ನೆ ಟಿಕೆಟ್ಟು ಇಸಿದುಕೊಂಡು ಜೋಪಾನ ಮಾಡುವುದನ್ನು ಕಲಿಯಬೇಕು. ಹುಡುಗರಿಗೆ ಒಂದು ಪಾಠ, ಹುಡುಗಿಯರಿಗೆ ಇನ್ನೊಂದು. ಸರ್ಕಾರ ಬದಲಾದರೆ ಸಿಲಬಸ್ಸೂ ಬದಲಾದೀತು.

ಅಂಗಡಿಗೆ ನಿಜವಾಗಿ ಹೋದ ದಿನ ಆ ಬಿಗಿಗೈಯ ಹುಡುಗ ಕೌಂಟರಿನ ಮುಂದೆ ನಿಂತು, ಚೀಟಿ ನೋಡಿ, ಬಾಯಿ ತೆರೆದು ಮಾತು ಹೊರಡಿಸಲು ಒದ್ದಾಡುತ್ತಿದ್ದ. ಅಂಗಡಿಯವನು ಒಳ್ಳೆಯವನೇ. ಅವನ ತಲೆಯ ಮೇಲಿಂದ ಮೇಡಂ ಕಡೆ ನೋಡಿ, “ಪಾಪ, ಏನು ಬೇಕಂತೆ ಮೇಡಂ ಅವನಿಗೆ?” ಎಂದ.

ಮೇಡಂ ತಲೆಯೆತ್ತಿ ಆಕಾಶ ನೋಡಿದರು. ಮೋಡ ಕವಿದಿದೆಯೇ ಎಂದು ಪರೀಕ್ಷಿಸುವವರ ಹಾಗೆ. ನಾನೂ ನೋಡಿದೆ. ಅಲ್ಲೇನೂ ಇರಲಿಲ್ಲ. ಹಿಂದೆ ಇಬ್ಬರು ಗಿರಾಕಿ ಬಂದು ನಿಂತರು. ಬಹಳ ಹೊತ್ತಾದ ಮೇಲೆ “ಸ... ಸಾಸಿವೆ” ಎಂದು ಕೇಳಿಸಿತು. ಆಮೇಲೆ ಮೇಡಂ ಆಕಾಶದಿಂದ ಇಳಿದರು.

ವಾಪಸ್ ಬರುವಾಗ ಅವರ ಸಿಟ್ಟೆಲ್ಲ ‘ಪಾಪ’ದ ಮೇಲೆ. ಸಾಸಿವೆ ಒಂದು ವಾರದಲ್ಲಿ ಕಲಿಸಬಹುದಂತೆ, ಆ ‘ಪಾಪ’ವನ್ನು ಬಿಡಿಸಲು ವರ್ಷ ಬೇಕಂತೆ. ಅಜ್ಜಿ ಪಾಪ ಅಂದು ತುತ್ತು ಮಾಡಿ ಬಾಯಿಗಿಡುತ್ತಾರೆ, ಅಪ್ಪ ಪಾಪ ಅಂದು ಶೂ ಲೇಸು ಕಟ್ಟುತ್ತಾರೆ, ಶಾಲೆಯಲ್ಲಿ ಐದು ದಿನ ಕಟ್ಟಿದ್ದು ಭಾನುವಾರ ಬಿಚ್ಚಿಹೋಗುತ್ತದೆ. ನಾನು ಗಂಭೀರವಾಗಿ ತಲೆಯಾಡಿಸಿದೆ. ನಲವತ್ತು ವರ್ಷ ಪಾಪ ಅನ್ನಿಸಿಕೊಂಡೇ ಟೀ ಕುಡಿದ ತಲೆ ಅದು.

ಹೋದ ಭಾನುವಾರ ಅದೇ ಹುಡುಗ ಮೇಡಂ ಮನೆಗೆ ತಾಯಿಯ ಜೊತೆ ಬಂದಿದ್ದ. ಸ್ವಲ್ಪ ಹೊತ್ತಿಗೆ ನಮ್ಮ ಗೇಟಿನ ಹತ್ತಿರ ಸದ್ದಾಯಿತು. ನೋಡಿದರೆ ಅವನೇ, ಒಬ್ಬನೇ. “ಕ... ಕರಿ... ಕರಿಬೇವು” ಎಂದ. ನಮ್ಮ ಗಿಡ ಬೀದಿಗೆಲ್ಲ ಪ್ರಸಿದ್ಧ. ನಾನು ಉತ್ಸಾಹದಿಂದ ಗಿಡದ ಬಳಿ ಹೋಗಿ, ಕೊಂಬೆ ಬಗ್ಗಿಸಿ ಹಿಡಿದು, ಕಾಂಪೌಂಡಿನ ಮೇಲಿಂದ ಕೂಗಿದೆ:

“ಮೇಡಂ, ಎಷ್ಟು ಬೇಕಂತೆ ಅವನಿಗೆ?”

ಆಚೆ ಹಿತ್ತಿಲಲ್ಲಿ ಬಕೆಟ್ ಹಿಡಿದಿದ್ದ ಮೇಡಂ ನಿಧಾನವಾಗಿ ತಲೆಯೆತ್ತಿ ಆಕಾಶ ನೋಡಿದರು.

ನಾನು ಕೊಂಬೆ ಬಿಟ್ಟೆ. ಅವನ ಕಡೆ ತಿರುಗಿ ನಿಂತೆ. ಕಾದೆ. ಕೊಂಬೆಯಿಂದ ಒಂದು ಇರುವೆ ನನ್ನ ಕೈಗೆ ಹತ್ತಿ ಮೊಣಕೈವರೆಗೆ ನಡೆದುಹೋಯಿತು.

“ಎರಡು ಕಡ್ಡಿ,” ಎಂದ.

ನಾಲ್ಕು ಕಿತ್ತುಕೊಟ್ಟೆ. ಎರಡನ್ನು ಎಣಿಸಿ ಇಟ್ಟುಕೊಂಡು, ಇನ್ನೆರಡನ್ನು ನನ್ನ ಕೈಗೇ ವಾಪಸ್ ಕೊಟ್ಟು, ಗೇಟು ಹಾಕಿಕೊಂಡು ಹೋದ.